ವರ್ಜಿಲ್ ಕೋವಾಚನ ಮೂರು ಬೆರಳು

ಮೊದಲ ಬೆರಳು ಮುರಿಯುವುದಕ್ಕೆ ಮುಂಚೆಯೇ ಅವನು ಹೇಳಲು ಶುರು ಮಾಡಿದ್ದನೇ, ಇಲ್ಲ ಮುರಿದ ಮೇಲೋ? ಹದಿಮೂರು ದಿನದಿಂದ ಡಾರ್ಲಾಳ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ಹೋಗಿ ನೋಡುವ ಹೆಂಗಸು ಅವಳು. ಗಂಟಲಿಗೆ ಸಿಕ್ಕೀತೆಂದು ದ್ರಾಕ್ಷಿಯನ್ನು ನಾಲ್ಕು ಹೋಳು ಮಾಡದೆ ಮಗುವಿನ ಕೈಗೆ ಕೊಟ್ಟವಳಲ್ಲ. ಒಲೆಯ ಚಿಂತೆಯಾದರೆ ಎದ್ದು ನೋಡಿದ ಕೂಡಲೇ ತೀರುತ್ತದೆ. ಇದು ತೀರುತ್ತಿರಲಿಲ್ಲ, ಏಕೆಂದರೆ ಉತ್ತರ ಅವಳಿಗೆ ಗೊತ್ತಿತ್ತು.

ಅಮೆರಿಕದ ಈರಿ ಸರೋವರದ ದಡದ ಆ ಊರಿನಲ್ಲಿ ಉಕ್ಕಿನ ಕಾರ್ಖಾನೆ ನಡೆಯುತ್ತಿದ್ದಷ್ಟು ಕಾಲ ವರ್ಜಿಲ್ ಕೋವಾಚ್ ಅಲ್ಲಿಯೇ ದುಡಿದ. ಒಂದು ದಿನ ಕ್ರೇನಿನ ಕೊಕ್ಕೆ ತೂಗಾಡುತ್ತ ಬಂದು ಅವನ ತಲೆಯ ಎಡಭಾಗಕ್ಕೆ ಬಡಿಯಿತು. ಒಡೆದ ಬುರುಡೆಯ ಚೂರುಗಳನ್ನು ತೆಗೆದು ಲೋಹದ ತಗಡು ಕೂರಿಸಿದರು. ಜೀವ ಉಳಿಯಿತು, ಮಾತು ಮಾತ್ರ ಒಳಗೆಲ್ಲೋ ಸಿಕ್ಕಿಕೊಂಡಿತು. ಏನು ಹೇಳಬೇಕೆಂಬುದು ಅವನಿಗೆ ಸ್ಪಷ್ಟವಾಗಿಯೇ ಇರುತ್ತಿತ್ತು, ಅದು ತುಟಿಗೆ ಬರುವುದಕ್ಕೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಎದುರಿಗಿದ್ದವರು ಅವಸರ ಮಾಡಿದರೆ ಒಂದು ನಿಮಿಷ. ಅದಕ್ಕೇ ಕೋಟಿನ ಒಳಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ಸಿಲ್ಲು. ಕಾರ್ಖಾನೆ ಮುಚ್ಚಿದ ಮೇಲೆ ತಂಗಿಯ ವಿಡಿಯೊ ಅಂಗಡಿಯ ಕೌಂಟರಿಗೆ ಬಂದು ಕೂತ.

ಸರ್ಕಾರಿ ಏಜೆಂಟ್ ಒಬ್ಬ ಭಯೋತ್ಪಾದಕರ ಬೆನ್ನಟ್ಟುವ ಟಿವಿ ಧಾರಾವಾಹಿಯ ಗೀಳನ್ನು ಡಾರ್ಲಾಳಿಗೆ ಹಚ್ಚಿದವನು ಅವನೇ. ಒಂದು ಡಿಸ್ಕಿನಲ್ಲಿ ನಾಲ್ಕು ಕಂತು, ಆರು ಡಿಸ್ಕಿಗೆ ಒಂದು ಕತೆ. ಎಲ್ಲರೂ ಮುಂದಿನ ಡಿಸ್ಕಿಗೆ ಕಿತ್ತಾಡುತ್ತಿದ್ದ ಕಾಲ ಅದು. ವರ್ಜಿಲ್ ತನ್ನ ಖಾಯಂ ಗಿರಾಕಿಗಳ ಡಿಸ್ಕನ್ನು ಹಳದಿ ಚೀಟಿ ಅಂಟಿಸಿ ಕೌಂಟರಿನ ಕೆಳಗೆ ಎತ್ತಿಡುತ್ತಿದ್ದ. ಚಿಕ್ಕ ಮಕ್ಕಳಿರುವ ಮನೆಗಾದರೆ ಶನಿವಾರ ಮಧ್ಯಾಹ್ನ ತಾನೇ ನಡೆದು ಬಂದು ತಲುಪಿಸುತ್ತಿದ್ದ. ಹಿಮ ಎಷ್ಟೇ ಬಿದ್ದಿರಲಿ, ತಪ್ಪಿಸುತ್ತಿರಲಿಲ್ಲ.

"ನಿಮಗ್ಯಾಕೆ ಇದು ಇಷ್ಟೊಂದು ಇಷ್ಟ?" ಎಂದು ಒಮ್ಮೆ ಡಾರ್ಲಾ ಅಂಗಡಿಯಲ್ಲಿ ಕೇಳಿದ್ದಳು.

"ಅಲ್ಲಿ... ಯಾರೂ..." ವರ್ಜಿಲ್ ಕಣ್ಣು ಮುಚ್ಚಿ ಪದ ಹುಡುಕಿದ. "ಯಾರೂ ಕಾಯಲ್ಲ."

ಸಾಲಿನಲ್ಲಿ ಹಿಂದೆ ನಿಂತಿದ್ದವನೊಬ್ಬ ನಕ್ಕ. "ಆ ಏಜೆಂಟ್ ಜಾಗದಲ್ಲಿ ನೀನಿರಬೇಕಿತ್ತು ಕಣೋ ವರ್ಜಿಲ್. ಬಾಂಬು ಸಿಡಿದು ಊರೆಲ್ಲ ಬೂದಿಯಾದ ಮೇಲೆ ‘ಕೆಂಪು ತಂತಿ’ ಅಂತಿದ್ದೆ!"

ವರ್ಜಿಲ್ ಭುಜ ಕುಣಿಸಿ ನಗುತ್ತ ನೋಟ್‌ಬುಕ್ಕಿನಲ್ಲಿ ಗೀಚಿ ಎತ್ತಿ ತೋರಿಸಿದ: ‘ತಡವಾಗಿ ಹೇಳಿದ್ರೂ ಸರಿಯಾದ ತಂತೀನೇ ಹೇಳ್ತಿದ್ದೆ.’

ಡಾರ್ಲಾಳ ಕಾರಣ ಬೇರೆ. ದಿನವಿಡೀ ಅವಳನ್ನು ಕಾಡುವ ಭಯಗಳಿಗೆ ಹೆಸರಿರಲಿಲ್ಲ, ಮುಖವಿರಲಿಲ್ಲ. ಧಾರಾವಾಹಿಯಲ್ಲಿ ಭಯಕ್ಕೆ ಮುಖವಿತ್ತು, ಅದನ್ನು ಕುರ್ಚಿಗೆ ಕಟ್ಟಿ ಕೂರಿಸಲಾಗುತ್ತಿತ್ತು. ಏಜೆಂಟ್ ಐದರಿಂದ ಕೆಳಕ್ಕೆ ಎಣಿಸುತ್ತಿದ್ದ. ಒಂದಕ್ಕೆ ಬಂದರೆ ಮಂಡಿಗೆ ಗುಂಡು, ಇಲ್ಲ ಉಗುರಿನ ಕೆಳಗೆ ಚಾಕು. ರಕ್ತ ಕಾರುತ್ತ ಆ ಮನುಷ್ಯ ಬಾಯಿಬಿಡುತ್ತಿದ್ದ, ಹೇಳಿದ್ದು ನಿಜವೇ ಆಗಿರುತ್ತಿತ್ತು, ನಗರ ಉಳಿಯುತ್ತಿತ್ತು. ಅಷ್ಟು ನೋಡಿದರೆ ಅವಳ ಎದೆ ಹಗುರವಾಗುತ್ತಿತ್ತು. ಅಷ್ಟರಲ್ಲಿ ಕಂತು ಇನ್ನೊಂದು ಗಂಡಾಂತರದ ತುದಿಗೆ ಬಂದು ನಿಲ್ಲುತ್ತಿತ್ತು. "ಇನ್ನೊಂದು," ಎನ್ನುತ್ತಿದ್ದಳು ಗಂಡ ಕರ್ಟ್‌ಗೆ. ಮನೆ ಬೆಚ್ಚಗಿಡುವ ಹೀಟರುಗಳ ರಿಪೇರಿಯ ಕೆಲಸದಿಂದ ದಣಿದು ಬಂದ ಕರ್ಟ್ ಕೂಡ, "ಹಾಕು, ಹಾಕು," ಎನ್ನುತ್ತಿದ್ದ.

ಆ ಶನಿವಾರ ನಾಲ್ಕನೇ ಡಿಸ್ಕಿನ ಮೂರನೇ ಕಂತು ಮುಗಿದಿತ್ತು. ನಾಲ್ಕು ವರ್ಷದ ಮೇಸಿ ಅಡುಗೆಮನೆಯ ನೆಲದಲ್ಲಿ ಬಣ್ಣ ಹಚ್ಚುತ್ತಿದ್ದಳು. ಡಾರ್ಲಾ ಅತ್ತ ನೋಡದೆಯೇ ರಿಮೋಟ್ ಒತ್ತಿದಳು. ಕಂತು ಮುಗಿದು ತಲೆಯೆತ್ತಿದಾಗ ನೆಲದ ಮೇಲೆ ಬಣ್ಣದ ಕಡ್ಡಿಗಳಷ್ಟೇ ಇದ್ದವು. ಹಿತ್ತಿಲ ಬಾಗಿಲು ತೆರೆದಿತ್ತು, ಹಿಮದ ಪುಡಿ ಒಳಗೆ ಹಾರಿ ಬರುತ್ತಿತ್ತು.

ಹತ್ತು ನಿಮಿಷ ಇಬ್ಬರೂ ಕೂಗುತ್ತ ಓಡಾಡಿದರು. ಬೀಸುವ ಗಾಳಿ ಹೆಜ್ಜೆಗುರುತುಗಳನ್ನು ಅಳಿಸಿಹಾಕಿತ್ತು. ಆಗ ಪಕ್ಕದ ಓಣಿಯಿಂದ ವರ್ಜಿಲ್ ಬಂದ. ಕಂಕುಳಲ್ಲಿ ಐದನೇ ಡಿಸ್ಕಿನ ಡಬ್ಬಿ. ಕೈಯಲ್ಲಿ ಮೇಸಿಯ ಕೆಂಪು ಕೈಗವಸು.

"ಎಲ್ಲಿ ಅವಳು?" ಕರ್ಟ್ ಅವನ ಕೊರಳಪಟ್ಟಿಗೆ ಕೈಹಾಕಿದ. "ಎಲ್ಲೋ ನನ್ ಮಗಳು?"

ವರ್ಜಿಲ್ ಬಾಯಿ ತೆರೆದ. "ಶೆ..." ಎಂದ. ಮತ್ತೆ ಪ್ರಯತ್ನಿಸಿದ. "ಶೆ..."

ಪದ ಬರುವುದಿಲ್ಲವೆಂದು ಅವನಿಗೇ ತಿಳಿಯಿತು. ಕೈಯನ್ನು ಕೋಟಿನ ಒಳಜೇಬಿಗೆ ಹಾಕಿದ. ಹಾಗೆ ಒಳಜೇಬಿಗೆ ಕೈಹಾಕಿದವರು ಏನನ್ನು ಹೊರತೆಗೆಯುತ್ತಾರೆಂದು ಆ ಮನೆಯವರು ಹದಿನಾರು ಕಂತು ನೋಡಿ ಕಲಿತಿದ್ದರು.

ಕರ್ಟ್ ಅವನ ಮುಖಕ್ಕೆ ಗುದ್ದಿದ. ಮೂಗು ಒಡೆದ ಸದ್ದು ಡಾರ್ಲಾಳಿಗೆ ಕೇಳಿಸಿತು. ಬಲಗೈಯನ್ನು ಹಿಂದಕ್ಕೆ ತಿರುಚಿ, ಹಿತ್ತಿಲಲ್ಲಿ ನಿಲ್ಲಿಸಿದ್ದ ಕಾರಿನ ಮೇಲೆ ಮುಖ ಅಡಿಯಾಗಿ ಕೆಡವಿ ಬೆನ್ನಿಗೆ ಮಂಡಿಯೂರಿದ. ಕಾರಿನ ಮೇಲಿನ ಹಿಮ ಕೆಂಪಾಯಿತು.

"ಐದು," ಎಂದ ಕರ್ಟ್. "ನಾಲ್ಕು. ಮೂರು."

"ಅವ್ನಿಗೆ ಗೊತ್ತು ಕರ್ಟ್! ಬಿಡ್ಬೇಡ! ಅವ್ನಿಗೆ ಗೊತ್ತು!" ಅದು ಡಾರ್ಲಾಳ ದನಿ.

"ಎರಡು. ಒಂದು."

ಕಿರುಬೆರಳು ಒಣಕಡ್ಡಿಯ ಹಾಗೆ ಮುರಿಯಿತು. ವರ್ಜಿಲನ ಗಂಟಲಿನಿಂದ ಪದವೇ ಅಲ್ಲದ ಏನೋ ಹೊರಬಂತು. ಕರ್ಟ್ ಮತ್ತೆ ಐದರಿಂದ ಶುರು ಮಾಡಿದ. ಎರಡನೇ ಬೆರಳು. ವರ್ಜಿಲ್ ಕಾಲು ಜಾರಿ ಒದ್ದಾಡಿದ, ಉಚ್ಚೆ ಹೋಗಿ ಪ್ಯಾಂಟು ನೆನೆಯಿತು. ಕರ್ಟ್ ಒಂದು ಗಳಿಗೆ ಹಿಂಜರಿದು ಹೆಂಡತಿಯ ಮುಖ ನೋಡಿದ.

"ಇನ್ನೊಂದು," ಎಂದಳು ಡಾರ್ಲಾ.

ಮೂರನೇ ಬೆರಳು ಬುಡದಲ್ಲೇ ಮುರಿದಾಗ ವರ್ಜಿಲನ ಬಾಯಿಂದ ರಕ್ತದ ಜೊತೆ ಪದ ಬಿತ್ತು. "ಶೆಡ್... ನಾಯಿ... ಶೆಡ್."

ಓಣಿಯಾಚೆಯ ಮನೆಯ ಶೆಡ್ಡಿನಲ್ಲಿ, ಆಗಷ್ಟೇ ಕಣ್ಣು ಬಿಟ್ಟಿದ್ದ ಆರು ನಾಯಿಮರಿಗಳ ನಡುವೆ ಮೇಸಿ ಬೆಚ್ಚಗೆ ಮಲಗಿದ್ದಳು. ಒಂದು ಕೈಗೆ ಗವಸಿತ್ತು.

"ನೋಡಿದ್ಯಾ? ಮೂರನೇದಕ್ಕೆ ಬಾಯಿಬಿಟ್ಟ!" ಮಗಳನ್ನು ಎದೆಗೊತ್ತಿಕೊಂಡು ಕರ್ಟ್ ಅಳುತ್ತಿದ್ದ.

ವರ್ಜಿಲನೇ ಪುಸಲಾಯಿಸಿ ಕರೆದೊಯ್ದು ಶೆಡ್ಡಿನಲ್ಲಿ ಬಚ್ಚಿಟ್ಟಿದ್ದ ಎಂದು ಕರ್ಟ್ ಪೊಲೀಸರಿಗೆ ಹೇಳಿದ. ಅವನು ಸುಳ್ಳೆಂದು ತಿಳಿದು ಹೇಳಿದ್ದಲ್ಲ. ಹಾಗಲ್ಲದಿದ್ದರೆ ತಾನು ಮಾಡಿದ್ದೇನೆಂದು ಯೋಚಿಸುವ ಧೈರ್ಯ ಅವನಿಗಿರಲಿಲ್ಲ. ಡಾರ್ಲಾ, "ಗಾಬರೀಲಿ ನನಗೆ ಸರಿಯಾಗಿ ನೆನಪಿಲ್ಲ," ಎಂದಳು. "ನಾಯಿಮರಿ ನೋಡೋಕೆ ನಾನೇ ಹೋದೆ," ಎಂದು ಮೇಸಿ ಹೇಳಿದರೆ, "ಹಾಗನ್ನು ಅಂತ ಅವನೇ ಹೇಳ್ಕೊಟ್ಟಿರ್ತಾನೆ," ಎಂದ ಕರ್ಟ್. ವರ್ಜಿಲ್ ಹೇಳುವುದನ್ನು ಕೇಳಲು ಯಾರಿಗೂ ಅರ್ಧ ನಿಮಿಷದ ತಾಳ್ಮೆಯಿರಲಿಲ್ಲ. ಬರೆದು ತೋರಿಸೋಣವೆಂದರೆ ಬಲಗೈ ಪೂರ್ತಿ ಪ್ಲಾಸ್ಟರಿನಲ್ಲಿತ್ತು. ಅವನನ್ನು ಲಾಕಪ್ಪಿಗೆ ಹಾಕಿದರು, ತಂಗಿ ಜಾಮೀನು ಕೊಟ್ಟು ಬಿಡಿಸಿಕೊಂಡಳು. ಮಾರನೆಯ ದಿನ ಅಂಗಡಿಯ ಗಾಜಿಗೆ ಇಟ್ಟಿಗೆ ಬಿತ್ತು. ಆ ವಾರವೇ ಯಾರೋ ಇಬ್ಬರು ಅವನನ್ನು ಅಂಗಡಿಯ ಹಿಂದೆ ಹಿಡಿದು, ಪಕ್ಕೆಲುಬು ಮುರಿಯುವ ಹಾಗೆ ಒದ್ದು ಹೋದರು.

ಹದಿಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕೋರ್ಟಿನಲ್ಲಿ ವರ್ಜಿಲನ ಮೇಲಿನ ಕೇಸಿನ ಮೊದಲ ವಿಚಾರಣೆ. ಎಂಟೂವರೆಗೆ ಕಸ ಹಾಕಲು ಹಿತ್ತಿಲಿಗೆ ಹೋದ ಡಾರ್ಲಾಳಿಗೆ, ಕರಗುತ್ತಿದ್ದ ಹಿಮದ ರಾಶಿಯಲ್ಲಿ ಡಿಸ್ಕಿನ ಡಬ್ಬಿ ಕಂಡಿತು. ತೆರೆದಳು. ಒಳಗೆ ಅಂಟಿಸಿದ್ದ ಹಳದಿ ಚೀಟಿ ನೆನೆದಿರಲಿಲ್ಲ. ವರ್ಜಿಲನ ದುಂಡು ಅಕ್ಷರ: ‘ಐದನೇದು. ಮೊದಲು ಮಗೂಗೆ ಊಟ ಹಾಕು ತಾಯಿ, ಆಮೇಲೆ ನೋಡು. ಡಿಸ್ಕು ಎಲ್ಲೂ ಓಡಿಹೋಗಲ್ಲ.’

ಅವಳು ಅಲ್ಲೇ ಕುಕ್ಕರಿಸಿದಳು. ಹೇಳಿದರೆ ಕರ್ಟ್ ಜೈಲಿಗೆ ಹೋಗುತ್ತಾನೆ. ‘ಇನ್ನೊಂದು’ ಎಂದವಳನ್ನೂ ಬಿಡಲಿಕ್ಕಿಲ್ಲ. ಮೇಸಿಯನ್ನು ಯಾರ ಮನೆಯಲ್ಲಿ ಬಿಡುವುದು? ಅವಳಿಗೆ ದ್ರಾಕ್ಷಿ ಯಾರು ಹೆಚ್ಚಿ ಕೊಡುತ್ತಾರೆ? ಹೇಳದಿದ್ದರೆ ಆ ಮನುಷ್ಯ ಇನ್ನು ಬದುಕಿರುವಷ್ಟು ಕಾಲವೂ ಮಕ್ಕಳ ಕಳ್ಳ.

"ಡಾರ್ಲಾ, ನನ್ ನೀಲಿ ಟೈ ಎಲ್ಲಿಟ್ಟಿದ್ದೀಯೇ?" ಮಹಡಿಯಿಂದ ಕರ್ಟ್ ಕೂಗಿದ. "ಜಡ್ಜ್ ಮುಂದೆ ಮೆಕ್ಯಾನಿಕ್ ಥರ ಹೋಗ್ಲಾ?"

"ಕಪಾಟಿನ ಬಾಗಿಲ ಹಿಂದೆ ನೋಡು."

ಅವಳು ಎದ್ದು ಅಡುಗೆಮನೆಗೆ ಬಂದಳು. ಫ್ರಿಜ್ಜಿನ ಮೇಲೆ, ಮೇಸಿ ಬರೆದ ಚಿತ್ರದ ಪಕ್ಕದಲ್ಲಿ, ತನಿಖೆಗೆ ಬಂದಿದ್ದ ಪೊಲೀಸ್ ಡಿಟೆಕ್ಟಿವ್ ಪೆಟ್ಟಿಟ್ ಕೊಟ್ಟುಹೋಗಿದ್ದ ಕಾರ್ಡು ಅಂಟಿಸಿದ ಹಾಗೇ ಇತ್ತು. ‘ಏನಾದ್ರೂ ನೆನಪಾದ್ರೆ ಫೋನ್ ಮಾಡಮ್ಮ,’ ಎಂದಿದ್ದಳು ಆ ಹೆಂಗಸು. ಡಾರ್ಲಾ ಫೋನೆತ್ತಿ ಒಂದೊಂದೇ ಅಂಕಿ ಒತ್ತಿದಳು. ಅತ್ತ ಕಡೆಯಿಂದ ದನಿ ಬಂದಾಗ ಬಾಯಿ ತೆರೆದಳು. ಪದ ಬರಲಿಲ್ಲ.

"ಹಲೋ? ಯಾರು ಮಾತಾಡ್ತಿರೋದು? ಬೇಗ ಹೇಳಿ, ನಾನು ಕೋರ್ಟಿಗೆ ಹೊರಟಿದ್ದೀನಿ."

ಮಹಡಿಯ ಮೆಟ್ಟಿಲ ಮೇಲೆ ಕರ್ಟನ ಬೂಟಿನ ಸದ್ದು ಕೇಳಿಸಿತು.

"ಸ್ವಲ್ಪ... ತಾಳಿ," ಎಂದಳು ಡಾರ್ಲಾ. "ಹೇಳ್ತೀನಿ. ಫೋನ್ ಇಡ್ಬೇಡಿ. ಮೊದಲ ಬೆರಳಿಗೆ ಮುಂಚೇನೇ ಅವ್ರು ಹೇಳ್ತಾ ಇದ್ರು. ನನಗೆ ಕೇಳಿಸಿತ್ತು."