ಬಿಳಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಹಸಿರು

ಕೊಲ್ಲಿ ದೇಶದ ಖೈತಾನ್ ಬಡಾವಣೆಯ ನಮ್ಮ ಕಟ್ಟಡದ ಕೆಳಗೆ, ತಗಡಿನ ನೆರಳಿನಲ್ಲಿ, ನನಗಿಂತ ವಯಸ್ಸಾದ ಒಂದು ಅಮೆರಿಕನ್ ಕಾರು ನಿಂತಿತ್ತು. ಎರಡೇ ಬಾಗಿಲು, ಎಂಟು ಸಿಲಿಂಡರ್, ಮೈತುಂಬ ಮಾಸಿದ ಬಿಳಿ. ಅದನ್ನು ಕೊಂಡವಳು ನಾನು. ಎರಡು ವರ್ಷ, ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬಂದು, ಹಳೆಯ ಚೂಡಿದಾರ ತೊಟ್ಟು ಅದರಡಿ ಮಲಗಿದವಳೂ ನಾನೇ. ಆದರೂ ಕೈಗಾರಿಕಾ ಪ್ರದೇಶವಾದ ರಾಯ್‌ನಲ್ಲಿ ಗ್ಯಾರೇಜು ನಡೆಸುವ ನಮ್ಮೂರ ಬ್ಯಾರಿ ಮೆಕ್ಯಾನಿಕ್ ಪ್ರತಿಯೊಂದು ಪ್ರಶ್ನೆಯನ್ನೂ ನನ್ನ ಗಂಡನನ್ನೇ, ಊರಿನಲ್ಲಿ ಕ್ರೈಸ್ತ ಗಂಡಸರನ್ನು ಕರೆಯುವಂತೆ 'ಪೊರ್ಬು' ಎಂದು ಕರೆದು, ಕೇಳುತ್ತಿದ್ದರು.

"ಪೊರ್ಬುಗಳೇ, ಕಾರ್ಬುರೇಟರ್ ಹಳೆಯದೇ ಇಡುವುದಾ?"

"ನನ್ನತ್ರ ಕೇಳ್ಬೇಡಿ ಮಾರಾಯ್ರೇ. ಪೆಟ್ರೋಲ್ ಹಾಕುವ ಬಾಯಿ ಯಾವ ಬದಿ ಅಂತಲೂ ನನಗೆ ಗೊತ್ತಿಲ್ಲ. ಇವಳತ್ರ ಕೇಳಿ."

ಒಂದು ಶುಕ್ರವಾರ ಬಾಗಿಲನ್ನು ಮರಳುಕಾಗದದಿಂದ ಉಜ್ಜುತ್ತಿದ್ದಾಗ ಬಿಳಿಯ ಕೆಳಗೆ ಕೆಂಪು ಕಂಡಿತು. ಕೆಂಪಿನ ಕೆಳಗೆ, ಲೋಹಕ್ಕೆ ಅಂಟಿಕೊಂಡು, ಗಾಢ ಹಸಿರು. ಬಾನೆಟ್ಟಿನಡಿಯ ತಗಡಿನ ಪಟ್ಟಿಯಲ್ಲಿದ್ದ ಬಣ್ಣದ ಸಂಖ್ಯೆಯನ್ನು ಹಳೆಯ ಕೈಪಿಡಿಯಲ್ಲಿ ಹುಡುಕಿದೆ. ಅಲ್ಲೂ ಅದೇ ಹಸಿರು. ಕಾರು ಹುಟ್ಟಿದ್ದೇ ಹಾಗೆ. ಅದನ್ನು ಹಾಗೆಯೇ ಮರಳಿಸಬೇಕೆಂದು ಆ ಕ್ಷಣವೇ ನಿರ್ಧರಿಸಿದೆ. ಕಾರಿಗೆಲ್ಲ ಹಸಿರು ಹಚ್ಚಿ, ಡಿಕ್ಕಿಯ ಒಳಗೆ ಮಾತ್ರ ಅಂಗೈಯಗಲ ಜಾಗವನ್ನು ಉಜ್ಜಿ, ಬಣ್ಣ ಹಚ್ಚದೆ ಬಿಟ್ಟೆ. ಅಲ್ಲಿ ಮೂರು ಪದರಗಳೂ ಒಂದರೊಳಗೊಂದು ಉಂಗುರವಾಗಿ ಕಾಣುತ್ತಿದ್ದವು. ಸಾಕ್ಷ್ಯವಿಲ್ಲದೆ ವಾದಕ್ಕೆ ನಿಲ್ಲಬಾರದೆಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಪಾಠ.

ಆದರೆ ಬಣ್ಣ ಹಚ್ಚುವ ಮೊದಲು ಸಂಚಾರ ಇಲಾಖೆಯ ಅನುಮತಿ ಕೇಳಬೇಕೆಂಬುದನ್ನು ಯಾವ ಸ್ಪರ್ಧೆಯೂ ಕಲಿಸಿರಲಿಲ್ಲ. ನಾನೂ ವಿಚಾರಿಸಲಿಲ್ಲ. ಆ ತಪ್ಪು ನನ್ನದು.

ಪಾಸಿಂಗಿಗೆ ಒಯ್ದ ದಿನ ನರೆತ ಮೀಸೆಯ ತಪಾಸಣಾಧಿಕಾರಿ ದಫ್ತರನ್ನು, ಅಂದರೆ ಕಾರಿನ ನೋಂದಣಿ ಚೀಟಿಯನ್ನು, ನೋಡಿದರು. ಅದರಲ್ಲಿ ಬಿಳಿ ಎಂದಿತ್ತು. ಕಾರನ್ನು ನೋಡಿದರು. ಆಮೇಲೆ ನನ್ನ ಗಂಡನನ್ನು ನೋಡಿದರು.

"ಬಣ್ಣ ಬದಲಾಯಿಸಿದ್ದೀರಿ. ಅನುಮತಿ ಎಲ್ಲಿ?"

ಗಂಡ ನನ್ನತ್ತ ಬೆರಳು ತೋರಿದರು.

"ಬದಲಾಯಿಸಿದವರು ಹಿಂದಿನ ಮಾಲೀಕರು," ಎಂದೆ, ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತು ಕಲಿತ ಅರಬ್ಬಿಯಲ್ಲಿ. "ನಾನು ಸರಿಪಡಿಸಿದ್ದೇನೆ."

ಅವರು ನಕ್ಕರು, ಪಾಸು ಮಾಡಲಿಲ್ಲ. ಅರ್ಜಿ ಹಾಕಿ ಬನ್ನಿ ಎಂದರು. ದಫ್ತರಿನ ಅವಧಿ ಮುಗಿಯಲು ಹತ್ತು ದಿನವಿತ್ತು. ಅಷ್ಟರೊಳಗೆ ಆಗದಿದ್ದರೆ ಎರಡು ವರ್ಷದ ನನ್ನ ಕೆಲಸ ರಸ್ತೆಗಿಳಿಯದೆ ತಗಡಿನಡಿಯೇ ಉಳಿಯುತ್ತಿತ್ತು.

"ಎಂತಕ್ಕೆ ಬಾಯಿ, ಇಷ್ಟು ತಲೆಬಿಸಿ?" ಎಂದರು ಮೆಕ್ಯಾನಿಕ್. ಊರಿನಲ್ಲಿ ಕ್ರೈಸ್ತ ಹೆಂಗಸರನ್ನು 'ಬಾಯಿ' ಎಂದೇ ಕರೆಯುವುದು. "ಮೇಲಿಂದ ಬಿಳಿ ಸ್ಟಿಕ್ಕರ್ ಅಂಟಿಸ್ತೇನೆ. ಪಾಸಾದ ಮೇಲೆ ಕಿತ್ತು ಬಿಸಾಡಿ. ಖಲಾಸ್! ಸ್ವಲ್ಪ ಅಡ್ಜಸ್ಟ್ ಮಾಡಿ."

ಅವರು ನೇರವಾಗಿ ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಅದೂ ಒಂದು ಸುಳ್ಳಿಗೆ ಒಪ್ಪಿಸಲು. ಇಲ್ಲಿನ ನಮ್ಮೂರವರ ಸಂಘದಲ್ಲಿ ಹೆಂಗಸರಿಗೆ ಊಟದ ಸಮಿತಿಯೊಂದೇ ಏಕೆ ಎಂದು ಕೇಳಿದಾಗಲೂ ನನಗೆ ಸಿಕ್ಕಿದ್ದು ಇದೇ ಉತ್ತರ: ಅಡ್ಜಸ್ಟ್ ಮಾಡಿ. ಹಾಗೆ ಹೇಳುವವರು ತಾವು ಮಾತ್ರ ಒಂದಿಂಚೂ ಕದಲುವುದಿಲ್ಲ. ಸ್ಟಿಕ್ಕರ್ ಬೇಡವೆಂದೆ.

ಅರ್ಜಿಯಲ್ಲಿ ಗುರುತು ಹಾಕಬೇಕಾದ ಒಂದು ಚೌಕವಿತ್ತು: ಬಣ್ಣ ಬದಲಾವಣೆ. ಅದನ್ನು ಖಾಲಿ ಬಿಟ್ಟು, ಕೆಳಗೆ "ಮೂಲ ಬಣ್ಣಕ್ಕೆ ಮರಳಿಸಲಾಗಿದೆ" ಎಂದು ಅರಬ್ಬಿಯಲ್ಲಿ ಬರೆದೆ. ಕೌಂಟರಿನಿಂದ ಅದು ಎರಡು ಸಲ ವಾಪಸು ಬಂತು.

"ಒಂದು ಗೆರೆ ಮಾರಾಯ್ತಿ," ಎಂದರು ಗಂಡ. "ಹಾಕಿಬಿಡು."

"ಒಂದೇ ಗೆರೆಯಾದರೆ ಅವರೇ ಬಿಟ್ಟುಕೊಡಲಿ."

ಅವಧಿಗೆ ಎರಡು ದಿನವಿದ್ದಾಗ ಅರ್ಜಿ ಹಿಡಿದು ಅದೇ ಅಧಿಕಾರಿಯ ಬಳಿ ಹೋಗಿ, ಅವರನ್ನು ಕಾರಿನವರೆಗೆ ಕರೆತಂದು, ಡಿಕ್ಕಿ ತೆರೆದೆ. ಅವರು ಬಗ್ಗಿ ಉಂಗುರಗಳ ಮೇಲೆ ಉಗುರು ಆಡಿಸಿದರು: ಬಿಳಿ, ಕೆಂಪು, ಹಸಿರು. ನಾನು ಬರೆದದ್ದನ್ನು ನಿಧಾನವಾಗಿ ಓದಿದರು.

"ನೀವು ವಕೀಲರೇ?"

"ಅಲ್ಲ. ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವವಳು."

"ಆ ರೋಗಿಗಳನ್ನು ದೇವರೇ ಕಾಪಾಡಲಿ," ಎಂದು ಜೇಬಿನಿಂದ ಪೆನ್ನು ತೆಗೆದು, ಚೌಕದಲ್ಲಿ ತಾವೇ ಗುರುತು ಹಾಕಿದರು. "ನೀವು ಹಾಕಬೇಡಿ. ನಾನು ಹಾಕಿದೆ. ಯಲ್ಲಾ, ಹೊರಡಿ."

ಮರುದಿನ ಕೈಗೆ ಬಂದ ದಫ್ತರಿನಲ್ಲಿ ಹಸಿರು ಎಂದಿತ್ತು. ಕೊನೆಗೂ ನೀನು ಬಗ್ಗಿದೆಯಲ್ಲ ಎಂದು ಗೆಳತಿಯರು ಛೇಡಿಸುತ್ತಾರೆ. ನಾನು ಒಪ್ಪುವುದಿಲ್ಲ. ಅರ್ಜಿಯಲ್ಲಿರುವ ಆ ಗುರುತು ಅಧಿಕಾರಿಯದು. ಅದರ ಕೆಳಗೆ ನನ್ನ ವಾಕ್ಯ ಇನ್ನೂ ಇದೆ. ಅವರು ಅದನ್ನು ಹೊಡೆದುಹಾಕಲಿಲ್ಲ.

ಅಂದು ದಫ್ತರು ಪಡೆದು ಮನೆಗೆ ಮರಳುವಾಗ ಬೇಕೆಂದೇ ರಾಯ್ ದಾರಿ ಹಿಡಿದು ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಸ್ಟೀರಿಂಗ್ ಹಿಡಿದಿದ್ದವಳು ನಾನು. ಮೆಕ್ಯಾನಿಕ್ ಕಾರಿಗೊಂದು ಸುತ್ತು ಬಂದು, ಗಂಡ ಕುಳಿತಿದ್ದ ಆಚೆ ಬದಿಯ ಕಿಟಕಿಗೆ ಬಗ್ಗಿದರು.

"ಪೊರ್ಬುಗಳೇ, ಸ್ಟಿಕ್ಕರ್ ಇಲ್ಲದೆ ಹೇಗೆ ಪಾಸಾಯ್ತು?"

ಗಂಡ ಬಾಯಿ ತೆರೆಯುವ ಮೊದಲೇ ನಾನು ಇಳಿದು ಡಿಕ್ಕಿ ತೆರೆದೆ.

"ಇಲ್ಲಿ ಬನ್ನಿ," ಎಂದೆ. "ನನ್ನತ್ರ ಕೇಳಿ."