ಬಗ್ಗಿದವರಿಗೊಂದು ಗುದ್ದು

ವಿಮಾನ ನಿಲ್ದಾಣದ ಕುರ್ಚಿಗಳನ್ನು ಕಂಡರೆ ಅವಳಿಗೆ ವಾಕರಿಕೆ ಬರುತ್ತಿತ್ತು. ಬೇರೆಯವರಿಗೆ ಅವು ಬರೀ ಕುರ್ಚಿಗಳು. ಸೋಫಾ ಕವರ್ ಹೊಲಿದೇ ಬದುಕು ಕಟ್ಟಿಕೊಂಡವಳಿಗೆ ಅವುಗಳ ಹೊಟ್ಟೆಯೊಳಗೂ ಗೊತ್ತು. ಹೊಲಿಗೆಯ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಕಚ್ಚಿ ಉಗಿದ ಉಗುರು, ಯಾರದೋ ಕೂದಲು, ಯಾವುದೋ ಮಗುವಿನ ಜೊಲ್ಲು ಒಣಗಿದ ಕಲೆ. ಮನೆಯಲ್ಲಿದ್ದಾಗ ಇಂಥ ಕವರ್ ಯಾರಾದರೂ ರಿಪೇರಿಗೆ ತಂದರೆ, "ಮೊದ್ಲು ಒಗೆದು ತನ್ನಿ" ಎಂದು ಹೊಸ್ತಿಲಿನಿಂದಲೇ ಅಟ್ಟುತ್ತಿದ್ದಳು. ಈಗ ಅದರ ಮೇಲೆಯೇ ತನ್ನ ಶಾಲು ಹಾಸಿ ಮಗಳನ್ನು ಮಲಗಿಸಬೇಕಾಗಿತ್ತು.

ಎದುರಿಗೆ ಒಬ್ಬ ಮಹಾನುಭಾವ ಬೂಟು ಕಳಚಿ ಕಾಲನ್ನು ತನ್ನ ಪೆಟ್ಟಿಗೆಯ ಮೇಲೆ ಚಾಚಿ ಕೂತಿದ್ದ. ಆ ಕಾಲುಚೀಲಕ್ಕೆ ನೀರಿನ ಮುಖ ಮರೆತೇ ಹೋಗಿರಬೇಕು. ಬೆಳಗ್ಗೆ ಹೊರಡಬೇಕಾಗಿದ್ದ ವಿಮಾನ ಮಧ್ಯಾಹ್ನವಾದರೂ ಹೊರಟಿರಲಿಲ್ಲ. ಧ್ವನಿವರ್ಧಕದ ಹೆಣ್ಣುದನಿ ಪ್ರತಿ ಸಲವೂ ವಿಷಾದಿಸುತ್ತಿತ್ತು, ಪ್ರತಿ ಸಲವೂ ನಗುನಗುತ್ತಲೇ ವಿಷಾದಿಸುತ್ತಿತ್ತು.

"ಬನ್ನಿ ಬನ್ನಿ, ಎದ್ದೇಳಿ ಇಬ್ರೂ!" ಎನ್ನುತ್ತಾ ಗಂಡ ಫೋನು ಹಿಡಿದು ಬಂದ. ಅವಳಿಗೆ ಮುಂದೇನೆಂದು ಗೊತ್ತಿತ್ತು.

ಈ ಗಂಡನ ಕಥೆಯೇ ಒಂದು ಸೋಜಿಗ. ಬಸ್ ಡಿಪೋದಲ್ಲಿ ಬಸ್ಸುಗಳ ವೇಳೆ ನೋಡಿಕೊಳ್ಳುವುದು ಅವನ ಕೆಲಸ. ಡ್ರೈವರುಗಳು ಬೆನ್ನ ಹಿಂದೆ ಅವನನ್ನು 'ಗಡಿಯಾರ' ಎಂದೇ ಕರೆಯುತ್ತಿದ್ದರು. ಯಾರಾದರೂ ಚಹಾ ಕುಡಿಯುತ್ತ ಎರಡು ಮಾತು ಹೆಚ್ಚು ಆಡಿ ಬಸ್ಸು ತಡವಾಯಿತೋ, ಡಿಪೋದ ಚಾವಣಿ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದ. ಅಂಥವನಿಗೆ ಇದ್ದಕ್ಕಿದ್ದ ಹಾಗೆ ಜ್ಞಾನೋದಯವಾಯಿತು. ದೀರ್ಘ ರಜೆ ಹಾಕಿದ, ಮನೆ ಬಾಡಿಗೆಗೆ ಕೊಟ್ಟ, ಮಗಳನ್ನು ಶಾಲೆ ಬಿಡಿಸಿದ. ಹೆಂಡತಿಯ ಹೊಲಿಗೆ ಮಿಷನ್ನು ಹಳೇ ದುಪ್ಪಟಿ ಸುತ್ತಿಕೊಂಡು ಅವಳ ತಮ್ಮನ ಮನೆಯ ಅಟ್ಟ ಹತ್ತಿತು. "ವರ್ಷವಿಡೀ ಪ್ರಪಂಚ ಸುತ್ತೋಣ ಕಣೇ. ಬದುಕೋಕೆ ಕಲೀಬೇಕು ಅಂದ್ರೆ ಹೊಂದ್ಕೊಳ್ಳೋಕೆ ಕಲೀಬೇಕು" ಎಂದಿದ್ದ. ಅಲ್ಲಿಯವರೆಗೂ ಹೊಂದಿಕೊಂಡೇ ಸಂಸಾರ ತೂಗಿಸಿದ್ದವಳಿಗೆ ಈ ಪಾಠ!

ಆಮೇಲೆ ಸಂಸಾರದಲ್ಲೊಂದು ಪದ್ಧತಿ ಹುಟ್ಟಿತು. ವಿಮಾನ ತಡವಾದಾಗಲೆಲ್ಲ ಗಡಿಯಾರ ಹೆಂಡತಿ ಮಗಳನ್ನು ನಿಲ್ಲಿಸಿ, ಫೋನಿನತ್ತ ನೋಡುತ್ತಾ, "ನಾವೇನ್ ಮಾಡ್ತೀವಿ?" ಎಂದು ಕೂಗಬೇಕು. ಇವರಿಬ್ಬರೂ ಕೈ ಎತ್ತಿ, "ಹೊಂದ್ಕೊಳ್ತೀವಿ!" ಎನ್ನಬೇಕು. ಆ ವಿಡಿಯೊವನ್ನು ಯಾರು ಯಾರೋ ಫೋನಿನಲ್ಲಿ ನೋಡಿ ಮೆಚ್ಚುಗೆಯ ಹೆಬ್ಬೆಟ್ಟು ಒತ್ತುತ್ತಿದ್ದರು. ಸುತ್ತ ಕೂತ ಜನ ಕೋತಿ ಕುಣಿಸುವವನನ್ನು ನೋಡುವ ಹಾಗೆ ನೋಡುತ್ತಿದ್ದರು.

ಅಂದೂ ಅದಾಯಿತು. ಮಗಳನ್ನು ಗುಂಡಿ ಎನ್ನುತ್ತಿದ್ದರು, ಅಂಗಿಯ ಗುಂಡಿಯಷ್ಟೇ ದುಂಡಗಿದ್ದುದರಿಂದ ಆ ಹೆಸರು. ನಿದ್ದೆಗಣ್ಣಲ್ಲೇ ಎದ್ದು ಕೈ ಎತ್ತಿ, ಹಲ್ಲು ಕಾಣುವಂತೆ ನಕ್ಕು ಕೂಗಿ, ಮತ್ತೆ ಮಲಗಿದಳು. ಅವಳ ಕಂಕುಳಲ್ಲಿ ಅರ್ಧ ಗೊಂಬೆ ಇತ್ತು.

ಅರ್ಧ ಅಂದರೆ ಅರ್ಧವೇ. ತಲೆ, ಕೈ, ಸೊಂಟ, ಅಲ್ಲಿಗೆ ಮುಗಿಯಿತು. ಪ್ರವಾಸದ ಮೊದಲ ದಿನಗಳಲ್ಲಿ ಒಂದೂರಿನಲ್ಲಿ ಸ್ವಲ್ಪ ಕಾಲ ಕೋಣೆ ಹಿಡಿದಿದ್ದರು. ಪಕ್ಕದ ಮನೆಯ ಹುಡುಗಿ ಗುಂಡಿಗೆ ಗಂಟು ಬಿದ್ದಳು. ಇಬ್ಬರೂ ಗುಂಡಿಯ ಅಮ್ಮನ ಹತ್ತಿರ ಚೂರು ಬಟ್ಟೆ ಬೇಡಿ ಗೊಂಬೆ ಹೊಲಿದರು, ಹೊರಡುವ ದಿನ ಸೊಂಟಕ್ಕೆ ಕತ್ತರಿ ಹಾಕಿ ಹಂಚಿಕೊಂಡರು. ಕಾಲು ಆ ಹುಡುಗಿಗೆ, ತಲೆ ಗುಂಡಿಗೆ. ಮತ್ತೆ ಸಿಕ್ಕಾಗ ಕೂಡಿಸಿ ಹೊಲಿಯುವುದೆಂದು ಆಣೆ ಪ್ರಮಾಣ. ಈಗ ಆ ಹುಡುಗಿಯ ಅಪ್ಪನಿಗೆ ವರ್ಗವಾಗಿತ್ತು. ಮರುದಿನ ಬೆಳಗ್ಗೆ ಅವರ ಸಾಮಾನಿನ ಲಾರಿ ಹೊರಡುತ್ತದೆ, ಯಾವ ದೂರದ ಊರಿಗೋ. ಇಂದು ಈ ವಿಮಾನ ಹತ್ತಿ ಆ ಹಳೆಯ ಊರು ಸೇರಿದರೆ ಭೇಟಿ ಉಂಟು, ಇಲ್ಲದಿದ್ದರೆ ಇಲ್ಲ. ಗಡಿಯಾರನಿಗೂ ಇದು ಗೊತ್ತಿತ್ತು.

ಅವಳು ಮುಖ ತೊಳೆಯಲು ಹೋದಳು. ಶೌಚಾಲಯದ ನೆಲದಲ್ಲಿ ತೊಯ್ದ ಕಾಗದ ಮುದ್ದೆಮುದ್ದೆಯಾಗಿ ಕಾಲಿಗೆ ಅಂಟಿತು, ನಲ್ಲಿಯ ಸುತ್ತ ಯಾರೋ ಉಗಿದ ಪೇಸ್ಟಿನ ನೊರೆ. ಸೀರೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ಹೊರಗೆ ಬಂದಾಗ ಗಡಿಯಾರ ಗೆದ್ದವನ ಮುಖ ಮಾಡಿಕೊಂಡು ನಿಂತಿದ್ದ.

"ಸೀಟು ಕಮ್ಮಿ ಇದ್ವಂತೆ ಕಣೇ. ಯಾರಾದ್ರೂ ಬಿಟ್ಕೊಡ್ತೀರಾ ಅಂದ್ರು. ನಾನೇ ಮೊದ್ಲು ಕೈ ಎತ್ತಿದ್ದು! ನಾಳೆ ಸಂಜೆ ವಿಮಾನ, ಅಲ್ಲಿವರೆಗೂ ದೊಡ್ಡ ಹೋಟೆಲಲ್ಲಿ ರೂಮು, ಊಟ, ಎಲ್ಲಾ ಅವ್ರದ್ದೇ."

"ಗುಂಡಿ ಗೆಳತಿ?"

"ಅಯ್ಯೋ, ಮಕ್ಕಳದ್ದೇನು ಬಿಡೇ. ಫೋನಲ್ಲಿ ಮಾತಾಡ್ಸಿದ್ರಾಯ್ತು. ಅವಳಾಗ್ಲೇ ಒಪ್ಕೊಂಡ್ಳು, ಕೇಳು ಬೇಕಾದ್ರೆ."

ಗುಂಡಿ ಎದ್ದು ಕೂತಿದ್ದಳು. ಫೋನಿಗೆ ತೋರಿಸುತ್ತಿದ್ದ ಅದೇ ನಗು, ಅಷ್ಟೇ ಹಲ್ಲು. "ಪರವಾಗಿಲ್ಲಮ್ಮ. ಕಾಲು ನೀನೇ ಹೊಲಿದ್ಬಿಡು. ಯಾವ್ ಬಟ್ಟೆಯಾದ್ರೂ ಆಗುತ್ತೆ."

ಕೊಳಕು ಕುರ್ಚಿ, ಕಾಲುಚೀಲದ ನಾತ, ಶೌಚಾಲಯ ಎಲ್ಲವನ್ನೂ ಅವಳು ಸಹಿಸಿದ್ದಳು. ಆ ನಗುವನ್ನು ಸಹಿಸಲಾಗಲಿಲ್ಲ. ಎಂಟು ವರ್ಷದ ಮಗು ಅಳಬೇಕಾದ ಕಡೆ ಹಲ್ಲು ಕಿರಿಯುವುದಕ್ಕಿಂತ ಅಸಹ್ಯವಾದದ್ದನ್ನು ಅವಳು ಆ ಪ್ರವಾಸದಲ್ಲೇ ಕಂಡಿರಲಿಲ್ಲ. ಅದನ್ನು ಕಲಿಸಿದವನು ಗಂಡನಾದರೆ, ಪಕ್ಕದಲ್ಲಿ ನಿಂತು ಕೈ ಎತ್ತಿದವಳು ತಾನು. ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಅವಳ ಅಮ್ಮ ಹೇಳುತ್ತಿದ್ದಳು. ಇಲ್ಲಿ ದೊಡ್ಡವರು ಬಗ್ಗಿದ್ದಕ್ಕೆ ಗುದ್ದು ಮಗುವಿನ ಬೆನ್ನಿಗೆ ಬೀಳುತ್ತಿತ್ತು.

ಅವಳು ಮಗಳ ಕೈ ಹಿಡಿದು ನೇರ ಕೌಂಟರಿಗೆ ಹೋದಳು. ಅಲ್ಲಿದ್ದ ಹುಡುಗಿ ತುಟಿಗೆ ಬಣ್ಣ ತೀಡಿಕೊಳ್ಳುತ್ತಿದ್ದಳು.

"ನಮ್ ಸೀಟು ವಾಪಸ್ ಕೊಡಮ್ಮ."

"ನಿಮ್ಮೆಜಮಾನ್ರು ಬಿಟ್ಕೊಟ್ಟಿದ್ದಾರಲ್ಲ ಮೇಡಂ?"

"ಅವ್ರ ಸೀಟು ಅವ್ರು ಬಿಟ್ಕೊಡ್ಲಿ. ನನ್ನನ್ನ ಕೇಳಿದ್ರಾ? ಇವಳನ್ನ ಕೇಳಿದ್ರಾ?"

ಹುಡುಗಿ ಕಂಪ್ಯೂಟರ್ ನೋಡಿದಳು, ಇವಳ ಮುಖ ನೋಡಿದಳು. ಯಾವುದು ಹೆಚ್ಚು ಅಪಾಯವೆಂದು ತೂಗಿರಬೇಕು. "ಎರಡು ಇನ್ನೂ ಯಾರಿಗೂ ಕೊಟ್ಟಿಲ್ಲ. ಒಂದು ಹೋಯ್ತು."

"ಎರಡೇ ಸಾಕು."

ಗಡಿಯಾರ ಓಡಿಬಂದ. "ಏನೇ ಇದು? ಜನ ನೋಡ್ತಿದ್ದಾರೆ. ನನ್ ಗತಿ?"

"ದೊಡ್ಡ ಹೋಟೆಲಿದೆಯಲ್ಲ ರೀ, ಊಟ ಅವ್ರದ್ದೇ" ಎಂದು ಅವಳು ತಿರುಗಿ ನೋಡದೆ ನಡೆದಳು.

ವಿಮಾನ ಹತ್ತಿ ಪಟ್ಟಿ ಕಟ್ಟಿಕೊಂಡ ಮೇಲೂ ಅದು ಅಲ್ಲಾಡಲಿಲ್ಲ. ಹೆಣ್ಣುದನಿ ಮತ್ತೆ ವಿಷಾದಿಸಿತು. ಗುಂಡಿ ಅಭ್ಯಾಸಬಲದಿಂದ ನಗು ತಂದುಕೊಂಡು ಅಮ್ಮನನ್ನು ನೋಡಿದಳು.

"ನಗಬೇಡ" ಎಂದಳು ಅವಳು. "ನಗು ಬರ್ತಿದ್ಯಾ ನಿಜವಾಗ್ಲೂ?"

ಗುಂಡಿ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಕಟ್ಟೆಯೊಡೆಯಿತು. ಎಷ್ಟೋ ತಿಂಗಳುಗಳ ಅಳುವನ್ನೆಲ್ಲ ಕೂಡಿಟ್ಟುಕೊಂಡವಳ ಹಾಗೆ ಗುಂಡಿ ರಚ್ಚೆ ಹಿಡಿದು ಅತ್ತಳು, ಮುಂದಿನ ಸೀಟಿಗೆ ಒದ್ದಳು. ಮುಂದೆ ಕೂತಿದ್ದವನು ತಿರುಗಿದ. ಅದೇ ಕಾಲುಚೀಲದ ಮಹಾನುಭಾವ. "ಸ್ವಲ್ಪ ಸುಮ್ನಿರಿಸಿ ತಾಯಿ, ಎಲ್ರೂ ಹೊಂದ್ಕೊಂಡು ಹೋಗ್ಬೇಕು."

"ನಿಮ್ ಕಾಲಿನ ನಾತಕ್ಕೆ ಬೆಳಗ್ಗಿಂದ ಹೊಂದ್ಕೊಂಡಿದ್ದೀವಿ. ನೀವೀಗ ಇವಳ ಅಳೂಗೆ ಹೊಂದ್ಕೊಳ್ಳಿ."

ಮರುದಿನ ಬೆಳಗ್ಗೆ ಇವರು ಆ ಮನೆ ಮುಟ್ಟುವಾಗ ಲಾರಿಗೆ ಹಗ್ಗ ಬಿಗಿಯುತ್ತಿದ್ದರು. ಪಕ್ಕದ ಮನೆಯ ಹುಡುಗಿ ಎರಡು ಬಟ್ಟೆಯ ಕಾಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಗುಂಡಿಯ ಅಮ್ಮ ಸೂಜಿ ಪೋಣಿಸಿಕೊಟ್ಟು ದೂರ ನಿಂತಳು. ಡ್ರೈವರು ಹಾರನ್ ಹೊಡೆಯುತ್ತಿದ್ದ. ಮಕ್ಕಳು ತಲೆಗೆ ತಲೆ ತಾಗಿಸಿಕೊಂಡು ಗಡಿಬಿಡಿಯಲ್ಲಿ ಹೊಲಿದರು. ಹೊಲಿಗೆ ಹಾವು ಹರಿದಂತಿತ್ತು, ಕಾಲು ಹಿಂದುಮುಂದಾಗಿ ಕೂತಿತ್ತು. ಅವಳ ಕೈ ತುರಿಸಿತು, ಆದರೂ ಸೂಜಿ ಮುಟ್ಟಲಿಲ್ಲ. ಲಾರಿಯ ಹಿಂದೆ ಅವರ ಕಾರೂ ಹೊರಟಿತು.

ಅದೇ ಓಣಿಯಲ್ಲಿ ಹಳೆಯ ಕೋಣೆ ಖಾಲಿಯಿತ್ತು. ಅವಳು ತಮ್ಮನಿಗೆ ಫೋನು ಮಾಡಿ, ಅಟ್ಟದ ಮೇಲಿನ ಮಿಷನ್ನು ಕಳಿಸಲು ಹೇಳಿದಳು.

ಗಡಿಯಾರ ತಡವಾಗಿಯೇ ಬಂದಿಳಿದ. ಹೋಟೆಲಿನ ಊಟದಿಂದ ಹೊಟ್ಟೆ ಕೆಟ್ಟು ಮುಖ ಸಪ್ಪೆಯಾಗಿತ್ತು. ಆದರೂ ಅಭ್ಯಾಸ ಬಿಡಬೇಕಲ್ಲ. ಗೊಂಬೆ ಎತ್ತಿ ನೋಡಿ ನಕ್ಕ. "ಇದೇನೇ ಗುಂಡಿ, ದೆವ್ವದ ಕಾಲು! ಬಿಚ್ಚಿ ಸರಿ ಮಾಡ್ಸೋಣ ಬಾ. ಮುಂದಿನ ಊರಿಗೆ ಹೋಗ್ತಾ ಮಾಡ್ಬಹುದು." ಫೋನು ಮೇಲೆತ್ತಿದ. "ಎಲ್ಲಿ, ನಾವೇನ್ ಮಾಡ್ತೀವಿ?"

ಗುಂಡಿ ಗೊಂಬೆಯನ್ನು ಕಿತ್ತುಕೊಂಡಳು. ಅವಳ ಮುಖದಲ್ಲಿ ನಗುವಿರಲಿಲ್ಲ.

"ಹೊಂದ್ಕೊಳ್ಳಲ್ಲ" ಎಂದಳು.