ವಿಯೆನ್ನಾದಲ್ಲೊಂದು ಒಲೆಯಿರುವ ಕೋಣೆ

ನಾನು ವಿಯೆನ್ನಾ ನಗರವನ್ನು ನೋಡಿದವನಲ್ಲ. ಆದರೆ ಅಲ್ಲಿಯ ಯಾವ ವಸತಿಗೃಹದಲ್ಲಿ ಮೂರನೆಯ ಮಹಡಿಗೆ ಬಿಸಿನೀರು ಏರುವುದಿಲ್ಲ, ಯಾವುದರ ಕಿಟಕಿಯ ಕೆಳಗೆ ಟ್ರಾಮು ಕಿರುಚುತ್ತದೆ ಎಂದು ಕೇಳಿದ ಕೂಡಲೇ ಹೇಳಬಲ್ಲೆ. ಫೋರ್ಟ್ ಬಡಾವಣೆಯ ಒಂದು ಟ್ರಾವೆಲ್ ಆಫೀಸಿನಲ್ಲಿ ಕುಳಿತು, ಪರದೇಶಕ್ಕೆ ಹೊರಟ ಸಂಸಾರಗಳಿಗೆ ಕಡಿಮೆ ಬಾಡಿಗೆಯ ಕೋಣೆ ಹುಡುಕಿಕೊಡುವುದು ನನ್ನ ಕೆಲಸ. ಬೆಳಗ್ಗೆ ಅಂಧೇರಿಯಿಂದ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು ಬಂದವನು, ಹತ್ತು ಗಂಟೆಗೆ ಕುರ್ಚಿಯಲ್ಲಿ ಕುಳಿತನೆಂದರೆ ಯುರೋಪಿನ ಯಜಮಾನ. ನಮ್ಮ ಚಾಳಿನ ಒಂದೇ ಕೋಣೆಯಲ್ಲಿ ಐದು ಜನ ಮಲಗುತ್ತೇವೆ. ಆದರೂ ರೋಮಿನಿಂದ ಬಂದ ಪತ್ರ ಓದಿ, “ಇಬ್ಬರಿಗೆ ಈ ಕೋಣೆ ಸ್ವಲ್ಪ ಇಕ್ಕಟ್ಟಾಯಿತು” ಎಂದು ಮೂಗು ಮುರಿಯಲು ನನಗೆ ಸಂಕೋಚವಿರಲಿಲ್ಲ.

ಹೀಗಿರುವಾಗ ಒಂದು ದಿನ ಭಟ್ಟರು ಬಂದರು. ಉಡುಪಿಯ ಕಡೆಯವರು. ಮಲಾಡ್ ಸ್ಟೇಷನ್ನಿನ ಹತ್ತಿರ ಅವರದೊಂದು ಹೋಟೆಲು. ಅದರ ಇಡ್ಲಿಯ ಸಲುವಾಗಿ ನಾನು ಭಾನುವಾರಗಳಲ್ಲಿ ಎರಡು ಸ್ಟೇಷನ್ ದಾಟಿ ಹೋಗುವುದಿತ್ತು. ಎದುರು ಕುಳಿತವರು ಸುಮ್ಮನೆ ಟೋಪಿ ತಿರುಗಿಸುತ್ತಿದ್ದರು.

“ರಾಯ್ರೇ, ನಮ್ಮ ನಳಿನಿಯ ಕಣ್ಣು ಹೋಗ್ತಾ ಉಂಟು. ಎಡದ್ದು ಹೋದ ಹಾಗೇ. ಬಲದ್ದು ಉಳಿಸ್ಬೇಕಾದ್ರೆ ವಿಯೆನ್ನಾಕ್ಕೆ ಹೋಗಿ ಅಂತಾರೆ ಡಾಕ್ಟ್ರು. ಅವಳಿಗೆ ಆಸ್ಪತ್ರೆಯಲ್ಲಿ ಮಂಚ ಸಿಗ್ತದೆ. ನಮಗಿಬ್ಬರಿಗೆ ಒಂದು ಕೋಣೆ ಬೇಕು, ಎರಡು ತಿಂಗಳಿಗೆ.”

ನಳಿನಿಗೆ ಆಗ ಹನ್ನೆರಡು ವರ್ಷ. ಗಲ್ಲಾದ ಪಕ್ಕ ಕುಳಿತು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ ಹುಡುಗಿ. ಓದಿನ ಹುಚ್ಚು ಎಂದುಕೊಂಡಿದ್ದೆ.

“ಅಷ್ಟೇ ತಾನೆ? ಬಿಡಿ ಭಟ್ರೇ, ವಾರದಲ್ಲಿ ಮಾಡಿಕೊಡ್ತೀನಿ. ಅಲ್ಲಿ ಚಿಕ್ಕ ವಸತಿಗೃಹಕ್ಕೆ ಪೆನ್ಶನ್ ಅಂತಾರೆ.”

“ಪೆನ್ಶನ್ನಾ? ನನಗಿನ್ನೂ ನಲ್ವತ್ತೈದು ಮಾರಾಯ್ರೆ!” ಎಂದರು. ಆ ದಿನ ಅವರು ನಕ್ಕದ್ದು ಅದೊಂದು ಸಲ. ಹೊರಡುವಾಗ ಬಾಗಿಲಲ್ಲಿ ನಿಂತು, “ಒಂದು ಒಲೆ ಇರ್ಬೇಕು. ನಮ್ಮ ಮನೆಯವಳು ಹೊರಗಿನದು ಮುಟ್ಟುವುದಿಲ್ಲ. ಮಗಳಿಗೂ ಗಂಜಿ ಆಗ್ಬೇಕು” ಎಂದು ಸೇರಿಸಿದರು.

ಆ ಒಲೆ ನನ್ನ ಸೊಕ್ಕನ್ನೆಲ್ಲ ಬೇಯಿಸಿಬಿಟ್ಟಿತು. ನಮ್ಮವರಿಗೆ ಹೋಟೆಲು ಎಂದರೆ ಉಣ್ಣುವ ಜಾಗ, ಯುರೋಪಿನವರಿಗೆ ಮಲಗುವ ಜಾಗ. ಎರಡನ್ನೂ ಒಂದೇ ಸೂರಿನಡಿ ತಂದದ್ದು ನಮ್ಮ ಹಳೆಯ ಛತ್ರ ಮಾತ್ರ. ಸತ್ರ ಎಂಬುದೇ ಬಾಯಿಂದ ಬಾಯಿಗೆ ಛತ್ರವಾಯಿತು ಎಂದು ಪಂಡಿತರು ಹೇಳುತ್ತಾರೆ. ಆದರೆ ಛತ್ರ ಎಂದರೆ ಕೊಡೆ ಎಂಬ ಅರ್ಥವೇ ನನಗೆ ಹೆಚ್ಚು ಹಿಡಿಸುತ್ತದೆ. ಮಳೆಯಲ್ಲಿ ಯಾರೋ ತಮ್ಮ ಕೊಡೆಯ ಅರ್ಧವನ್ನು ನಮ್ಮ ಕಡೆಗೆ ವಾಲಿಸಿದ ಹಾಗೆ. ವಿಯೆನ್ನಾದಲ್ಲಿ ಅಂಥ ಕೊಡೆಗೆ ಯಾವ ವಿಳಾಸಕ್ಕೆ ಬರೆಯುವುದು? ಒಂಬತ್ತು ಕಡೆಗೆ ಬರೆದೆ. ಅಚ್ಚುಕಟ್ಟಾದ ಟೈಪಿನಲ್ಲಿ, ಕಚೇರಿಯ ಇಂಗ್ಲಿಷಿನಲ್ಲಿ. ಒಂಬತ್ತು ಕಡೆಯಿಂದಲೂ ಅಷ್ಟೇ ಅಚ್ಚುಕಟ್ಟಾದ ಉತ್ತರ: ಕೋಣೆ ಉಂಟು, ಅಡಿಗೆ ಕೂಡದು. ಕೆಲವು ಕೋಣೆಗಳ ಬಾಡಿಗೆಯೋ, ಸರಕಾರ ಮಂಜೂರು ಮಾಡುವ ವಿದೇಶಿ ಹಣಕ್ಕೆ ಎಟುಕುವಂಥದ್ದಲ್ಲ.

ವಾರ ಎಂದವನು ತಿಂಗಳು ಕಳೆದಿದ್ದೆ. ಭಟ್ಟರು ನಾಲ್ಕನೆಯ ಸಲ ಬಂದಾಗ ಪತ್ರಗಳನ್ನೆಲ್ಲ ಅವರ ಮುಂದೆ ಹರಡಿದೆ. ಅವರು ಒಂದನ್ನು ಎತ್ತಿಕೊಂಡರು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಪೆನ್ಶನ್ ನಡೆಸುವ ಒಬ್ಬ ವಿಧವೆಯ ಪತ್ರ. ಅದೊಂದೇ ಕೈಬರಹದ್ದು.

“ಇವರಿಗೆ ಇನ್ನೊಮ್ಮೆ ಬರೀರಿ. ನಾನು ಹೇಳ್ತೇನೆ, ಹಾಗೇ ಬರೀಬೇಕು. ‘ಅಮ್ಮಾ, ನಾನೂ ಹೋಟ್ಲು ನಡೆಸುವವ. ಹೊರಗಿನವರನ್ನು ಅಡಿಗೆಮನೆಗೆ ಬಿಟ್ರೆ ಎಂತ ತಾಪತ್ರಯ ಅಂತ ನಂಗೆ ಗೊತ್ತುಂಟು. ನಾನೂ ಈವರೆಗೆ ಯಾರನ್ನೂ ಬಿಟ್ಟವನಲ್ಲ. ಆದ್ರೆ ನನ್ನ ಮಗಳಿಗೆ ಕಣ್ಣು ಕಾಣುವುದಿಲ್ಲ. ಅವಳ ತಾಯಿಗೆ ದಿನಕ್ಕೆ ಎರಡು ಗಂಟೆ ನಿಮ್ಮ ಒಲೆ ಬೇಕು. ಪಾತ್ರೆ ನಾನು ತೊಳೀತೇನೆ.’”

“ಭಟ್ರೇ, ವ್ಯವಹಾರದ ಪತ್ರ ಹೀಗೆಲ್ಲ ಬರೆಯೋದಿಲ್ಲ” ಎಂದೆ.

“ನೀವು ಬರೆದದ್ದು ವ್ಯವಹಾರದ್ದೇ ಅಲ್ವಾ? ಒಂಬತ್ತು ಬರೆದ್ರಿ.”

ಟೈಪ್‌ರೈಟರಿಗೆ ಹೊಸ ಹಾಳೆ ಏರಿಸಿದೆ. ಅವರು ಹೇಳಿದಂತೆಯೇ ಇಂಗ್ಲಿಷಿಗೆ ಇಳಿಸಿದೆ. ಪಾತ್ರೆ ತೊಳೆಯುವ ಮಾತನ್ನು ಬಿಡಲು ನೋಡಿದೆ, ಅವರು ಬೆರಳಿಟ್ಟು ಕೇಳಿ ಹಾಕಿಸಿದರು. ಹದಿನೇಳನೆಯ ದಿನ ಉತ್ತರ ಬಂತು: ಅಡಿಗೆಮನೆಯ ಹಿಂದೆ ಒಂದು ಸಣ್ಣ ಕೋಣೆಯಿದೆ. ಅದನ್ನು ಯಾರಿಗೂ ಕೊಡುವುದಿಲ್ಲ, ನಿಮಗೆ ಕೊಡುತ್ತೇನೆ. ಮಧ್ಯಾಹ್ನ ಎರಡರಿಂದ ನಾಲ್ಕು ಒಲೆ ಖಾಲಿ.

ಹಡಗು ಹತ್ತುವ ದಿನ ಬ್ಯಾಲಾರ್ಡ್ ಪಿಯರಿಗೆ ನಾನೂ ಹೋದೆ. ಭಟ್ಟರ ಹೆಂಡತಿ ಪದ್ಮಾವತಮ್ಮ ಅಕ್ಕಿಯ ಗಂಟನ್ನು ಕೂಸಿನಂತೆ ಎತ್ತಿಕೊಂಡಿದ್ದರು. ನಳಿನಿ ಹೆದರಿದ್ದಳು. ಅವಳಿಗೆ ಧೈರ್ಯ ಹೇಳಲು, “ನಿಮ್ಮ ಕೋಣೆ ಕಿಟಕಿ ತೆಗೆದ್ರೆ ದೊಡ್ಡ ತೋಟ ಪುಟ್ಟಾ, ಗುಲಾಬಿ, ಕಾರಂಜಿ, ಎಲ್ಲ ಇದೆ” ಎಂದೆ. ನೋಡದ ಊರನ್ನು ವರ್ಣಿಸುವುದು ನನಗೆ ಅಭ್ಯಾಸವಾಗಿತ್ತಲ್ಲ, ಸರಾಗವಾಗಿ ಬಂತು.

ಮೂರು ತಿಂಗಳ ಮೇಲೆ ಅವರು ಹಿಂದಿರುಗಿದ ಸುದ್ದಿ ತಿಳಿದು ಮಲಾಡಿಗೆ ಓಡಿದೆ. ದಪ್ಪ ಕನ್ನಡಕ ಹಾಕಿದ ನಳಿನಿ ನನ್ನನ್ನು ಬಾಗಿಲಲ್ಲೇ ಗುರುತಿಸಿದಳು. ಬಲಗಣ್ಣು ಉಳಿದಿತ್ತು.

“ಮಾಮಾ, ಗಾರ್ಡನ್ ಇರ್ಲೇ ಇಲ್ಲ! ಬರೀ ದೀವಾರ್!”

ನನ್ನ ಮುಖ ಏನಾಯಿತೋ. ಪದ್ಮಾವತಮ್ಮ ನಡುವೆ ಬಂದು ಹೇಳಿದರು: “ಆಸ್ಪತ್ರೆಯಿಂದ ಬಿಟ್ಟ ಮೇಲೆ ಹನ್ನೆರಡು ದಿನ ಕೋಣೆಯಲ್ಲೇ ಕಣ್ಣಿಗೆ ಪಟ್ಟಿ ರಾಯ್ರೇ. ಹೊರಗೆ ಎಂತ ಕಾಣ್ತದೆ ಅಂತ ದಿನಾ ಕೇಳುವಳು. ಕಿಟಕಿ ತೆಗೆದ್ರೆ ಪಕ್ಕದ ಮನೆಯ ಗೋಡೆ. ನಾನು ನೀವು ಹೇಳಿದ್ದನ್ನೇ ಹೇಳ್ತಾ ಇದ್ದೆ. ಇವತ್ತು ಗುಲಾಬಿ ಅರಳಿದೆ, ಇವತ್ತು ಕಾರಂಜಿ ನಿಲ್ಸಿದ್ದಾರೆ ಅಂತ. ಪಟ್ಟಿ ಬಿಚ್ಚುವ ದಿನ ನಾನು ಕಿಟಕಿ ಮುಚ್ಚಿಯೇ ಇಟ್ಟಿದ್ದೆ.”

“ಮತ್ತೆ?”

“ಅವಳೇ ಹೋಗಿ ತೆಗೆದಳು. ಗೋಡೆ ನೋಡಿ ನಗ್ಲಿಕ್ಕೆ ಶುರು ಮಾಡಿದಳು.”

“ಒಂದೊಂದು ಇಟ್ಟಿಗೆ ಅಲಗ್ ಅಲಗ್ ಕಾಣ್ತಿತ್ತು ಮಾಮಾ,” ಎಂದಳು ನಳಿನಿ. “ಒಂದು, ಎರಡು ಅಂತ ಗಿನ್ತಿ ಮಾಡಿದೆ. ಮಧ್ಯದಲ್ಲಿ ಒಂದು ಇರುವೆ ಹೋಗ್ತಿತ್ತು, ಅದೂ ಕಾಣ್ತು.”

ನಾನು ಅನೇಕ ಸುಳ್ಳು ಹೇಳಿದ್ದೇನೆ. ಅವುಗಳಲ್ಲಿ ಒಂದನ್ನು ಇಷ್ಟು ಮರ್ಯಾದೆಯಾಗಿ ನಡೆಸಿಕೊಂಡದ್ದು ಈ ತಾಯಿ ಮಗಳು ಮಾತ್ರ. ಅಂದಿನಿಂದ ಗಿರಾಕಿಗಳಿಗೆ ತೋಟ ಹಂಚುವುದನ್ನು ಬಿಟ್ಟಿದ್ದೇನೆ. ಗೋಡೆ ಇದ್ದರೆ ಗೋಡೆ ಎಂದೇ ಹೇಳುತ್ತೇನೆ, ಒಲೆ ಮಾತ್ರ ಕೇಳದಿದ್ದರೂ ವಿಚಾರಿಸುತ್ತೇನೆ. ಹಾಗೆಂದು ವ್ಯಾಪಾರವೇನೂ ಕಡಿಮೆಯಾಗಿಲ್ಲ.

ಕೆಲವು ತಿಂಗಳ ನಂತರ ಒಂದು ಭಾನುವಾರ ಮಧ್ಯಾಹ್ನ ಭಟ್ಟರ ಹೋಟೆಲಿಗೆ ಹೋದರೆ ಬಾಗಿಲು ಅರ್ಧ ಎಳೆದಿತ್ತು. ಭಟ್ಟರು ಹೊರಗೆ ಫುಟ್‌ಪಾತಿನ ಮೇಲೆ ಕೈಕಟ್ಟಿ ನಿಂತಿದ್ದರು.

“ಒಳಗೆ ಹೋಗ್ಬೇಡಿ” ಎಂದರು ಮೆಲ್ಲಗೆ. ಕುಂದಾಪುರದ ಕಡೆಯ ಒಬ್ಬ ಹೆಂಗಸು, ಗಂಡನನ್ನು ಇಲ್ಲಿಯ ಆಸ್ಪತ್ರೆಗೆ ಸೇರಿಸಿದ್ದಾಳೆ. ಈ ಊರಲ್ಲಿ ಗುರುತಿನವರು ಯಾರೂ ಇಲ್ಲ. ಆಲೂಗಡ್ಡೆ ಮೂಟೆ ಇಡುತ್ತಿದ್ದ ಮೇಲಿನ ಕೋಣೆಯನ್ನು ತೆರವು ಮಾಡಿ ಅವಳಿಗೆ ಕೊಟ್ಟಿದ್ದಾರೆ. ಈಗ ಒಳಗೆ ಹೋಟೆಲಿನ ಒಲೆಯಲ್ಲಿ ಗಂಡನಿಗೆ ಗಂಜಿ ಬೇಯಿಸುತ್ತಿದ್ದಾಳೆ.

“ನಾನು ಒಳಗಿದ್ರೆ ಅವರಿಗೆ ನಾಚಿಕೆ. ನಾಲ್ಕು ಗಂಟೆ ತನಕ ನಮ್ಗೆ ಹೊರಗೇ ಕೆಲಸ” ಎಂದು ಭಟ್ಟರು ನನ್ನ ತೋಳು ಹಿಡಿದು ರಸ್ತೆ ದಾಟಿಸಿದರು. ಎದುರಿನ ಇರಾನಿಯ ಚಹಾದಂಗಡಿಯಲ್ಲಿ ಕುಳಿತೆವು. ಇಪ್ಪತ್ತು ವರ್ಷ ಎದುರುಬದುರು ಅಂಗಡಿಯಿಟ್ಟವರು ಒಬ್ಬರ ಬಾಗಿಲನ್ನು ಇನ್ನೊಬ್ಬರು ತುಳಿದವರಲ್ಲ. ಇರಾನಿ ತಾನೇ ಚಹಾ ತಂದಿಟ್ಟು, ಪಕ್ಕದಲ್ಲಿ ನಿಂತು ನೋಡತೊಡಗಿದ. ಭಟ್ಟರು ಒಂದು ಗುಟುಕು ಕುಡಿದರು, ಕಪ್ಪನ್ನು ಬೆಳಕಿಗೆ ಹಿಡಿದರು, ಮತ್ತೊಂದು ಗುಟುಕು ಕುಡಿದರು.

“ಚಲೋ ಉಂಟು ಮಾರಾಯ್ರೆ,” ಎಂದರು ನನ್ನ ಕಿವಿಯಲ್ಲಿ. “ಇಷ್ಟು ವರ್ಷ ಇವನ ಚಹಾವನ್ನು ಕುಡಿಯದೇ ಸುಮ್ನೆ ಬೈದೆ.”